ಮೊದಲು ಮೂಗು, ಆಮೇಲೆ ಮೀನು

ಶೀತ ಹಿಡಿದ ಬೆಕ್ಕನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನ ಮಂಗಳೂರು ಕಡೆಯ ಮನೆಗಳಲ್ಲಿ ಮೊದಲು ಆಗುವ ಕೆಲಸ ಬಂಗುಡೆ ಬೇಯಿಸಿ ಮುಂದಿಡುವುದು. ಪುಚ್ಚೆ, ಅಂದರೆ ಬೆಕ್ಕು, ಮುಖ ತಿರುಗಿಸುತ್ತದೆ. ಹಸಿವಿಲ್ಲ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದಕ್ಕೆ ವಾಸನೆ ಸಿಕ್ಕಿರುವುದಿಲ್ಲ, ಅಷ್ಟೇ. ಮೂಗು ಕಟ್ಟಿದ ಬೆಕ್ಕಿಗೆ ಮೀನೂ ಒಂದೇ, ಮರದ ತುಂಡೂ ಒಂದೇ.

ಹಾಗಾಗಿ ಬೆಳಿಗ್ಗೆ ಮೂಗಿನ ಕೆಲಸ. ಬಚ್ಚಲಿನಲ್ಲಿ ಬಕೆಟ್ ತುಂಬ ಬಿಸಿನೀರು ಇಟ್ಟು, ಬೆಕ್ಕನ್ನು ಬುಟ್ಟಿಯಲ್ಲಿ ದೂರ ಕೂರಿಸಿ, ಬಾಗಿಲು ಹಾಕಿ 10–15 ನಿಮಿಷ ಆವಿಯಲ್ಲಿ ಬಿಡಬೇಕು. ಹಂಡೆ ಒಲೆಯ ಹೊಗೆ ನುಗ್ಗುವ ಬಚ್ಚಲು ಬೇಡ. ನೀರಿಗೆ ನೀಲಗಿರಿ ಎಣ್ಣೆ, ವಿಕ್ಸ್ ಹಾಕಲೇಬಾರದು. ನಮಗೆ ಹಿತವಾದದ್ದು ಬೆಕ್ಕಿಗೆ ವಿಷ. ಜ್ವರಕ್ಕೆಂದು ಪ್ಯಾರಾಸಿಟಮಾಲ್ ಕೊಟ್ಟರಂತೂ ಒಂದೇ ಮಾತ್ರೆಗೆ ಜೀವ ಹೋಗಬಹುದು. ಆವಿಯಾದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯನ್ನು ಮೂಗಿನ ಮೇಲೆ ಒಂದು ನಿಮಿಷ ಒತ್ತಿ ಹಿಡಿದರೆ ಒಣಗಿದ ಸಿಂಬಳ ತಾನೇ ಬಿಡುತ್ತದೆ. ಕಿತ್ತರೆ ರಕ್ತ ಬರುತ್ತದೆ. ಕಣ್ಣು ಒರೆಸುವಾಗ ಒಂದೊಂದಕ್ಕೆ ಬೇರೆ ಬೇರೆ ಹತ್ತಿ.

ಡಾಕ್ಟರು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದಿದ್ದರೆ ಹಿಂದೆಯೇ 5–6 ಮಿ.ಲೀ. ನೀರು ಕುಡಿಸಬೇಕು. ಒಣ ಮಾತ್ರೆ ಅನ್ನನಾಳದಲ್ಲಿ ಅಂಟಿ ಹುಣ್ಣು ಮಾಡುತ್ತದೆ, ಆಮೇಲೆ ದಾರಿಯೇ ಕಿರಿದಾಗಬಹುದು.

ಇನ್ನು ಊಟ. ಮಳೆಗಾಲದಲ್ಲಿ ಮೀನು ಹಿಡಿಯುವ ಯಾಂತ್ರಿಕ ಬೋಟುಗಳಿಗೆ ಜುಲೈ 31ರವರೆಗೆ ರಜೆ, ಅಂದರೆ ತುಳುವರ ಆಟಿ ತಿಂಗಳ ಅರ್ಧ ಕಳೆಯುವವರೆಗೆ ಮೀನು ಕಷ್ಟ. ಕೋಳಿಯ ಎದೆಮಾಂಸವಾದರೂ ಸರಿ, ಉಪ್ಪು, ಮೆಣಸು, ನೀರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ ಅರೆಯಿರಿ. ಬರೀ ಗಂಜಿಯಿಂದ ಬೆಕ್ಕು ಚೇತರಿಸದು, ಅದು ಮಾಂಸಾಹಾರಿ ಪ್ರಾಣಿ. ಕೊಡುವಾಗ ಮೈ ಬಿಸಿಯಷ್ಟು, 38 ಡಿಗ್ರಿ ಹತ್ತಿರ, ಬೆಚ್ಚಗಿರಲಿ. ವಾಸನೆ ಏಳುವುದು ಆ ಬಿಸಿಗೇ. ಚೂರು ತೆಗೆದು ಮುಂಗಾಲಿಗೆ ಸವರಿದರೆ ನೆಕ್ಕಿಕೊಳ್ಳುತ್ತದೆ, ರುಚಿ ಹತ್ತುತ್ತದೆ.

ಒಂದು ದಿನ ಪೂರ್ತಿ ತಿನ್ನದಿದ್ದರೆ ಡಾಕ್ಟರಿಗೆ ತಿಳಿಸಲೇಬೇಕು. ಎರಡು ಮೂರು ದಿನ ಹೊಟ್ಟೆ ಖಾಲಿಯಿದ್ದರೆ, ಅದರಲ್ಲೂ ದಪ್ಪ ಬೆಕ್ಕಿಗೆ, ಮೈಯ ಕೊಬ್ಬೆಲ್ಲ ಹರಿದುಬಂದು ಪಿತ್ತಜನಕಾಂಗದಲ್ಲಿ ತುಂಬಿಕೊಳ್ಳುತ್ತದೆ. ಮೂಲ ಕಾಯಿಲೆಗಿಂತ ಅದು ಕೆಟ್ಟದ್ದು.

ಸಿರಿಂಜಿನಲ್ಲಿ ಕೊಡಿ ಎಂದು ಅವರೇ ಹೇಳಿದರೆ: 4 ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು, ಆದರೆ ಮೊದಲ ದಿನ ಕಾಲು ಭಾಗ ಸಾಕು, ಮೂರ್ನಾಲ್ಕು ದಿನಕ್ಕೆ ಪೂರ್ತಿ. ಸೂಜಿ ತೆಗೆದ 5 ಮಿ.ಲೀ. ಸಿರಿಂಜು, ಸೋಸಿದ ತೆಳು ಆಹಾರ. ಬೆಕ್ಕನ್ನು ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತಿ, ಕೋರೆಹಲ್ಲಿನ ಹಿಂದಿನ ಸಂದಿಯಲ್ಲಿ ತುದಿ ಇಟ್ಟು ಅರ್ಧ ಮಿ.ಲೀ. ಮಾತ್ರ ಬಿಡಿ. ಗಂಟಲು ಒಮ್ಮೆ ಏರಿ ಇಳಿಯುವುದು, ನಾಲಗೆ ತುಟಿ ಸವರುವುದು ಕಾಣಬೇಕು. ಆಮೇಲೆ ಮುಂದಿನ ಗುಟುಕು. ತಲೆ ಎತ್ತಿ ಹಿಡಿದು ಸುರಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಕೆಮ್ಮಿದರೆ ನಿಲ್ಲಿಸಿ.

ಮಳೆಗಾಲದಲ್ಲಿ ಕಾವಿ ನೆಲ ಕೊರೆಯುತ್ತದೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದೇ ಬದಿಗಿಡಿ, ಸೆಕೆಯಾದರೆ ಅದು ಆಚೆ ಸರಿಯಬೇಕಲ್ಲ. ತೂಕ ದಿನಾ ಒಂದೇ ಹೊತ್ತಿಗೆ ನೋಡಿ ಬರೆದಿಡಿ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿಯೂ ಮೂತ್ರ ಬರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಮುಂಗಾಲು ನೆಕ್ಕಿ ಮುಖ ಒರೆಸಿಕೊಳ್ಳಲು ಶುರು ಮಾಡಿತೆಂದರೆ ಚೇತರಿಕೆ ಹಿಡಿಯಿತು. ಆದರೂ ಮದ್ದು ಬರೆದಷ್ಟು ದಿನ ಮುಗಿಸಿ. ಮನೆಯ ಬೇರೆ ಬೆಕ್ಕುಗಳ ತಟ್ಟೆ ಅಲ್ಲಿಯವರೆಗೆ ಬೇರೆಯೇ ಇರಲಿ.