ಸ್ವೀಕೃತಿ ಇಲ್ದೆ ಬರಬ್ಯಾಡ್ರಿ

2018ರಲ್ಲಿ ನಾನು ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಆ ವರ್ಷ ರಾಜ್ಯಶಾಸ್ತ್ರಕ್ಕೆ ಹೊಸ ಅತಿಥಿ ಉಪನ್ಯಾಸಕಿ ಬಂದರು. ಅವರಿಗೆ ಬರೀ 24 ವರ್ಷ. ಒಂದು ದಿನ ಸಂವಿಧಾನದ 173ನೇ ವಿಧಿ ಪಾಠ ಮಾಡುತ್ತಾ, "ವಿಧಾನಸಭೆಗೆ ನಿಲ್ಲಬೇಕಾದ್ರೆ 25 ತುಂಬಿರಬೇಕು. ನಾನಿನ್ನೂ ಒಂದು ವರ್ಷ ಕಾಯಬೇಕು" ಎಂದರು. ಕ್ಲಾಸೆಲ್ಲ ನಕ್ಕಿತು. ಅವರು ನಗಲಿಲ್ಲ. "ಯಾಕ ನಗ್ತೀರಿ? ನಿಮ್ಮಲ್ಲಿ ಯಾರ್ ನಿಲ್ತೀರಿ, ಕೈ ಎತ್ರಿ ನೋಡೋಣ" ಎಂದರು. ಒಂದು ಕೈಯೂ ಮೇಲೇಳಲಿಲ್ಲ.

ಕಾಲೇಜಿನಲ್ಲಿ ಅವರು ನಮಗೆ ಮೇಡಂ. ಸಂಜೆ ಊರಿಗೆ ಬಂದರೆ ಅಕ್ಕ. ನಮ್ಮೂರು ರಾಯಚೂರಿನಿಂದ ಮಾನ್ವಿ ಕಡೆ ಹೋಗುವ ದಾರಿಯಲ್ಲಿದೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಮೇಲಿನವರ ಗದ್ದೆ ತುಂಬಿ ಉಳಿದರೆ ನಮಗೆ ನೀರು. ವಾರಕ್ಕೆ ಮೂರು ಸಂಜೆ ಅಕ್ಕ ಸಮುದಾಯ ಭವನದಲ್ಲಿ ಪಾಠ ಮಾಡುತ್ತಿದ್ದರು. ಮಕ್ಕಳು ಮುಂದೆ, ಕಳೆ ತೆಗೆದು ಬಂದ ಹೆಂಗಸರು ಹಿಂದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಓದು ಬರಹ ಬಲ್ಲವರು ನೂರಕ್ಕೆ 49 ಜನರೂ ಇರಲಿಲ್ಲ. ಉಳಿದ ಅರ್ಧದಲ್ಲಿ ನಮ್ಮವ್ವ ಇದ್ದಳು, ದೊಡ್ಡವ್ವ ಇದ್ದಳು.

ಅವ್ವ ಒಮ್ಮೆ ಉದ್ಯೋಗ ಖಾತ್ರಿ ಕೆಲಸ ಕೇಳಿ ಪಂಚಾಯತಿಗೆ ನಮೂನೆ 6ರ ಅರ್ಜಿ ಕೊಟ್ಟು ಬಂದಿದ್ದಳು. ಇಪ್ಪತ್ತು ದಿನ ಬಿಟ್ಟು ಹೋಗಿ ಕೇಳಿದರೆ, "ನೀನು ಅರ್ಜಿನೇ ಕೊಟ್ಟಿಲ್ಲ" ಎಂದರಂತೆ. ಅವತ್ತು ಸಂಜೆ ಅಕ್ಕ ಪಾಠ ನಿಲ್ಲಿಸಿ ಇದನ್ನೇ ಹೇಳಿಕೊಟ್ಟರು. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಆದರೆ ಕೊಟ್ಟ ತಾರೀಖು ನಿಮ್ಮ ಕೈಯಲ್ಲಿ ಇಲ್ಲ ಅಂದರೆ ಆ 15 ದಿನ ಎಲ್ಲಿಂದ ಎಣಿಸೋದು? "ಸ್ವೀಕೃತಿ ಇಲ್ದೆ ಬರಬ್ಯಾಡ್ರಿ" ಎಂದರು. ಮರುದಿನ ಅವ್ವನ ಜೊತೆ ಹನ್ನೊಂದು ಹೆಂಗಸರು ಹೋದರು. ಸಹಿ, ತಾರೀಖು, ಸೀಲು ಬೀಳುವವರೆಗೆ ಕಟ್ಟೆ ಬಿಟ್ಟು ಏಳಲಿಲ್ಲ.

ಅಕ್ಕನ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಗುಳೆ ಹೋದ ಮನೆಗಳ ಲೆಕ್ಕ ಅದರಲ್ಲಿ. ಮಗುವಿನ ಹೆಸರು, ಯಾವ ಕ್ಲಾಸು, ಊರು ಬಿಟ್ಟ ದಿನ, ಬೆಂಗಳೂರಿನ ಯಾವ ಕಡೆ ಕಟ್ಟಡದ ಕೆಲಸ, ಮೇಸ್ತ್ರಿಯ ಫೋನ್ ನಂಬರು. ವಾರಕ್ಕೊಮ್ಮೆ ಒಂದೊಂದೇ ನಂಬರಿಗೆ ಫೋನ್ ಮಾಡುತ್ತಿದ್ದರು. ಒಬ್ಬ ಹುಡುಗಿಯನ್ನು ಟಿ.ಸಿ. ಇಲ್ಲ ಅಂತ ಅಲ್ಲಿನ ಶಾಲೆಯವರು ವಾಪಸ್ ಕಳಿಸಿದ್ದರು. ಅಕ್ಕ ಹೆಡ್‌ಮಾಸ್ಟರಿಗೇ ಫೋನ್ ಹಚ್ಚಿದರು. "ಸರ್, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 5ನೇ ಸೆಕ್ಷನ್ ನೋಡ್ರಿ. ಟಿ.ಸಿ. ತಡವಾದರೆ ಮಗೂನ ಹೊರಗ ನಿಲ್ಲಿಸೋ ಹಾಗಿಲ್ಲ." ದನಿ ಏರಿಸಲಿಲ್ಲ. ಸೋಮವಾರ ಹುಡುಗಿ ಕ್ಲಾಸಿನಲ್ಲಿದ್ದಳು. 2020ರ ಲಾಕ್‌ಡೌನಿನಲ್ಲಿ ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ಊರಿಗೆ ಗೊತ್ತಾಗಿದ್ದೂ ಈ ನೋಟ್‌ಬುಕ್ಕಿನಿಂದಲೇ.

ಕೊನೇ ವರ್ಷದವರು 371ಜೆ ಸರ್ಟಿಫಿಕೇಟ್, ಅಂದರೆ ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡಿಸುವ ಕಾಗದ, ಮಾಡಿಸದೆ ಅವರ ಕೈಯಿಂದ ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ. ಸಿ ಗುಂಪಿನ ಹುದ್ದೆಯಲ್ಲಿ ನಮ್ಮ ಭಾಗದವರಿಗೆ ನೂರಕ್ಕೆ 80, ಡಿ ಗುಂಪಿನಲ್ಲಿ 85. ಇದು ಹೋರಾಟ ಮಾಡಿ ಪಡೆದದ್ದು, ಒಂದು ಕಾಗದ ಇಲ್ಲ ಅಂತ ಕಳೆದುಕೊಳ್ಳಬೇಡಿ ಎನ್ನುತ್ತಿದ್ದರು. ನಾನು ಇವತ್ತು ಮೇಷ್ಟ್ರಾಗಿ ನಿಂತಿರುವುದು ಆ ಕಾಗದದ ಬಲದಿಂದ.

2023ರ ಮಾರ್ಚಿನಲ್ಲಿ ಅಕ್ಕ ಚುನಾವಣೆಗೆ ನಿಲ್ಲುತ್ತೇನೆ ಎಂದಾಗ ನಾನು ಜಗಳ ಮಾಡಿದೆ. ಅವರಿಗೆ 29, ನಾನು ಬಿ.ಎಡ್. ಓದುತ್ತಿದ್ದೆ. ಪಕ್ಷ ಇಲ್ಲ, ದುಡ್ಡಿಲ್ಲ. ಅದಕ್ಕಿಂತ ಜಾಸ್ತಿ, ಕಾಲೇಜಿನ ಕೆಲಸ ಬಿಡಬೇಕಿತ್ತು. "ಹುಡುಗರಿಗೆ ಪಾಠ ಮಾಡೋರು ಯಾರು?" ಎಂದೆ. ಆ ಮಾತು ತಪ್ಪು ಅಂತ ನನಗೆ ಈಗಲೂ ಅನ್ನಿಸಿಲ್ಲ. ಆ ವರ್ಷದ ಹುಡುಗರು ಒಬ್ಬ ಒಳ್ಳೆಯ ಮೇಡಂನ್ನು ಕಳೆದುಕೊಂಡರು, ಅದು ನಿಜ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಐದು ವರ್ಷದಿಂದ ನಾವು ಕೊಟ್ಟ ಅರ್ಜಿ ಎಲ್ಲಾ ಕೊನೀಗೆ ಎಲ್ಲಿಗೆ ಹೋಗ್ತಾವು? ಅಲ್ಲಿ ಕುಂತು ಓದೋರು ಒಬ್ರು ಬೇಕಲ್ಲ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಖರ್ಚಿನ ಲೆಕ್ಕ ಬರೆಯಲು ಒಪ್ಪಿಕೊಂಡೆ.

ಪಕ್ಷೇತರರಿಗೆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಹೆಬ್ಬೆಟ್ಟು ಒತ್ತುವುದಾದರೆ ಅಧಿಕಾರಿಯ ಮುಂದೆಯೇ ಒತ್ತಬೇಕು. ನಮ್ಮ ಹತ್ತರಲ್ಲಿ ನಾಲ್ವರು ಸಂಜೆ ಪಾಠದ ಹೆಂಗಸರು. ದೊಡ್ಡವ್ವನಿಗೆ ಕೈ ನಡುಗುತ್ತದೆ. "ನೀನು ನಾಳೆ ಆಫೀಸಿಗೆ ಬಂದು ಹೆಬ್ಬೆಟ್ಟು ಒತ್ತು, ನಡೀತದೆ" ಎಂದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಪಾಟಿ ತರಿಸಿ, ಬಳಪದಿಂದ ಹೆಸರು ಬರೆದಳು, ಒರೆಸಿದಳು, ಮತ್ತೆ ಬರೆದಳು. ಏಳೆಂಟು ಸಲ ಆಯಿತು. ಆಮೇಲೆ ಸೀರೆ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಹಿಡಿದಳು. ಕೊನೆಯ 'ಮ್ಮ' ಬರೆಯುವಾಗ ಒತ್ತಕ್ಷರ ಗೆರೆ ದಾಟಿ ಕೆಳಗಿನ ಮನೆಗೆ ಇಳಿಯಿತು. ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದೆವು. ಏಪ್ರಿಲ್ 21ರ ಪರಿಶೀಲನೆಯಲ್ಲಿ ನಾಮಪತ್ರ ಸಿಂಧು ಆಯಿತು ಅಂತ ಫೋನ್ ಬಂದಾಗ ದೊಡ್ಡವ್ವ ಮೊದಲು ಕೇಳಿದ್ದು, "ನನ್ನ ಸಹಿ ಒಪ್ಪಿದ್ರಾ?"

ಎಸ್‌ಟಿ ಅಭ್ಯರ್ಥಿಯಾದ್ದರಿಂದ ಠೇವಣಿ 5,000 ರೂಪಾಯಿ, ಉಳಿದವರಿಗಿಂತ ಅರ್ಧ. ಚಿಹ್ನೆಗೆ ಅಕ್ಕ ಸ್ಲೇಟು ಕೇಳಿದ್ದರು, ಸಿಕ್ಕಿದ್ದು ಹೊಲಿಗೆ ಯಂತ್ರ. ಮೇ ತಿಂಗಳ ಬಿಸಿಲಲ್ಲಿ ಹಳ್ಳಿ ಹಳ್ಳಿ ಸುತ್ತಿದೆವು. ಖರ್ಚಿನ ಮಿತಿ 40 ಲಕ್ಷ. ನಮ್ಮ ಪುಸ್ತಕದಲ್ಲಿ ಆಟೊ ಬಾಡಿಗೆ, ಕರಪತ್ರ, ಮೈಕು, ಮಂಡಕ್ಕಿ ಮಿರ್ಚಿ, ಅಷ್ಟೇ. ಒಂದೂರಿನ ಕಟ್ಟೆಯ ಮೇಲೆ ಒಬ್ಬ ಹಿರಿಯರು, "ಗೆದ್ರ ಕಾಲುವಿ ನೀರು ಬಿಡಸ್ತಿಯೇನವ್ವಾ?" ಎಂದರು. ಹೂಂ ಅಂದಿದ್ದರೆ ಆಗಿತ್ತು, ಎಲ್ಲರೂ ಹಾಗೇ ಅನ್ನುತ್ತಾರೆ. ಅಕ್ಕ, "ಗೇಟು ತೆಗಿಯೋದು ನನ್ನ ಕೈಯಾಗಿಲ್ಲ ಯಜ್ಜಾ. ನೀರಾವರಿ ಸಲಹಾ ಸಮಿತಿಯಾಗ ಶಾಸಕರಿಗೆ ಕುರ್ಚಿ ಐತಿ. ಅಲ್ಲಿ ಕುಂತು ಕೊನೀ ಭಾಗದ ಲೆಕ್ಕ ಕೇಳ್ತೀನಿ. ಸದನದಾಗ ಪ್ರಶ್ನೆ ಹಾಕಿ ಬರೆದ ಉತ್ತರ ತರ್ತೀನಿ" ಎಂದರು. ಹಿರಿಯರು ತಲೆಯಾಡಿಸಿದರು. ವೋಟು ಹಾಕಿದರೋ ಇಲ್ಲವೋ ಗೊತ್ತಿಲ್ಲ. ಆದರೆ ಹುಡುಗರನ್ನು ಕರೆದು, "ಈಕಿ ಹೇಳಿದ್ದು ಕೇಳ್ರಲೇ" ಎಂದದ್ದು ನಾನು ಕಿವಿಯಾರೆ ಕೇಳಿದೆ.

ಮೇ 13ಕ್ಕೆ ಎಣಿಕೆ. ಸೋತರು. ಠೇವಣಿ ಉಳಿಯಲು ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಕು, ನಾವು ಅದರ ಹತ್ತಿರವೂ ಇರಲಿಲ್ಲ. ಆಟೊದಲ್ಲಿ ವಾಪಸ್ ಬರುವಾಗ ನಾನು ಅತ್ತೆ. ಅಕ್ಕ ಅಳಲಿಲ್ಲ, ಮಾತೂ ಆಡಲಿಲ್ಲ.

ಗೆದ್ದವರಾಗಲಿ ಸೋತವರಾಗಲಿ, ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಜೂನ್ ಮೊದಲ ವಾರ ಇಬ್ಬರೂ ರಾಯಚೂರಿಗೆ ಹೋದೆವು. ಕಾಗದ ತೆಗೆದುಕೊಂಡವರು, "ಇಟ್ಟು ಹೋಗ್ರಿ ಮೇಡಂ" ಎಂದರು. ಅಕ್ಕ ಹೋಗಲಿಲ್ಲ. ಸೀಲು ಬಿದ್ದ ಸ್ವೀಕೃತಿ ಕೈಗೆ ಬಂದ ಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿದರು. ಹೊರಗೆ ಬೇವಿನ ಮರದ ನೆರಳಿಗೆ ಬಂದು ಅದೇ ಚೀಲದಿಂದ ಗುಳೆಯ ನೋಟ್‌ಬುಕ್ ತೆಗೆದರು. ಶಾಲೆ ಶುರುವಾಗಿ ವಾರ ಆಗಿತ್ತು. "ಏಳನೇತ್ತದಾಕಿ ಇನ್ನೂ ಬಂದಿಲ್ಲ. ಆ ಮೇಸ್ತ್ರಿ ನಂಬರ್ ಹಚ್ಚು" ಎಂದರು.