ಒಂದೇ ಆಸನ, 18 ಉಸಿರು

ಯೋಗಕ್ಕೆ ಹೆಸರಾದ ಮಲ್ಲಾಡಿಹಳ್ಳಿ ಇರೋ ಚಿತ್ರದುರ್ಗ ಜಿಲ್ಲೆಯಲ್ಲೂ ಯೋಗ ಅಂದ್ರೆ ಎಷ್ಟು ಸೂರ್ಯನಮಸ್ಕಾರ ಹಾಕಿದ್ರಿ ಅನ್ನೋ ಲೆಕ್ಕವೇ ಜಾಸ್ತಿ. ಒಂದೇ ಆಸನದಲ್ಲಿ 3 ನಿಮಿಷ ಉಳಿಯೋದು ಅದಕ್ಕಿಂತ ಕಷ್ಟ. ಎರಡನೇ ನಿಮಿಷಕ್ಕೆ ಏಳು ಏಳು ಅಂತ ಪೀಡಿಸೋದು ಮೈಯಲ್ಲ, ಮನಸ್ಸು.

ಕಾಲು ಮುಂದಕ್ಕೆ ಚಾಚಿ ಕೂತು ಮುಂದೆ ಬಾಗೋ ಪಶ್ಚಿಮೋತ್ತಾನಾಸನವನ್ನೇ ತಗೊಳ್ಳಿ. ಜಮಖಾನೆ ದಪ್ಪಗೆ ಮಡಚಿ ಅದರ ಅಂಚಿನ ಮೇಲೆ ಕೂತರೆ ಸೊಂಟ ತಾನಾಗಿ ಮುಂದಕ್ಕೆ ವಾಲುತ್ತೆ. ಮಂಡಿ ತುಸು ಮಡಚಿರಲಿ. ತೊಡೆಯ ಹಿಂಭಾಗ ಬಿಗಿ ಇರೋರು ಕಾಲ್ಬೆರಳು ಹಿಡಿದೇ ತೀರ್ತೀನಿ ಅಂತ ಹಟಕ್ಕೆ ಬಿದ್ದರೆ ಬಾಗೋದು ಸೊಂಟದ ಕೀಲಲ್ಲ, ಬೆನ್ನಿನ ಕೆಳಭಾಗ. ನೋವು ಶುರುವಾಗೋದೇ ಅಲ್ಲಿ.

ಉಸಿರು ಒಳಕ್ಕೆ 4 ಎಣಿಕೆ, ಹೊರಕ್ಕೆ 6. ಹೀಗೆ 18 ಉಸಿರಾದರೆ ಸುಮಾರು 3 ನಿಮಿಷ, ಗಡಿಯಾರ ನೋಡೋದು ಬೇಡ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತೆ, ಅದಕ್ಕೇ ಹೊರಗಿನ ಉಸಿರು ಉದ್ದ. ಉಸಿರು ತುಂಡಾದರೆ ಒಂದಿಂಚು ಹಿಂದೆ ಬನ್ನಿ. ಜುಮುಗುಟ್ಟಿದರೆ, ಚುಚ್ಚಿದರೆ ನಿಧಾನವಾಗಿ ಎದ್ದುಬಿಡಿ. ಡಿಸ್ಕ್ ತೊಂದರೆ ಇರೋರು ಇದರ ಸುದ್ದಿಗೇ ಹೋಗಬೇಡಿ.

ದುರ್ಗದ ಬೇಸಿಗೆಯಲ್ಲಿ ಬಿಸಿಲೇರೋ ಮುಂಚೆ, ಖಾಲಿ ಹೊಟ್ಟೆಯಲ್ಲಿ ಮಾಡಿ. ಆಮೇಲೆ ಶವಾಸನ 5 ನಿಮಿಷ, ಮೊಬೈಲ್ ಬೇರೆ ರೂಮಲ್ಲಿ. ಮಂಡಕ್ಕಿ ಮಿರ್ಚಿ ಸಂಜೆಗಿರಲಿ.