ಬರಿಯ ಅಲ್ಯೂಮಿನಿಯಂ ಮೇಲೆ ಅಳಿಯದ ಅಕ್ಷರ

ಕಾರ್ಬನ್ ಡೈಆಕ್ಸೈಡ್ ಲೇಸರ್‌ನ 10.6 ಮೈಕ್ರಾನ್ ಕಿರಣವನ್ನು ಬರಿಯ ಅಲ್ಯೂಮಿನಿಯಂ ಬಹುಪಾಲು ಹಿಂದಕ್ಕೆ ಹೊಡೆಯುತ್ತದೆ. ಲೇಸರ್ ಶಾಖಕ್ಕೆ ಕರಗಿ ಲೋಹಕ್ಕೆ ಅಂಟುವ ಪುಡಿಯಿರುವ ಮಾರ್ಕಿಂಗ್ ಸ್ಪ್ರೇ ಬಳಿದರೂ, ಗುರುತು ಸ್ಟೇನ್‌ಲೆಸ್ ಸ್ಟೀಲ್‌ನಷ್ಟು ಗಟ್ಟಿಯಾಗಿ ಕೂರುವುದಿಲ್ಲ. ಅಲ್ಯೂಮಿನಿಯಂ ಬಿಸಿಯನ್ನು ಸ್ಟೇನ್‌ಲೆಸ್ ಸ್ಟೀಲ್‌ಗಿಂತ ಸುಮಾರು ಹತ್ತು ಪಟ್ಟು ಬೇಗ ಎಳೆದುಕೊಳ್ಳುವುದರಿಂದ ಪುಡಿ ಕರಗಿ ಅಂಟುವಷ್ಟು ಶಾಖ ನಿಲ್ಲದು. ಉಗುರಲ್ಲಿ ಕೆರೆದರೆ ಎದ್ದುಬರುತ್ತದೆ.

ನನ್ನ ಮಟ್ಟಿಗೆ ನಂಬಬಹುದಾದ ದಾರಿ, ಫೈಬರ್ ಲೇಸರ್‌ನಿಂದ ಕೊರೆದು ಬಣ್ಣ ತುಂಬುವುದು. 2 ಮಿ.ಮೀ. ಪ್ಯಾನೆಲ್‌ಗೆ 0.1ರಿಂದ 0.15 ಮಿ.ಮೀ. ಆಳ ಸಾಕು. 30 ವ್ಯಾಟ್ ಯಂತ್ರದಲ್ಲಿ ಲೇಸರ್ ಎಳೆಯುವ ಗೆರೆಗಳ ಅಂತರ 0.04 ಮಿ.ಮೀ. ಇಟ್ಟು, ಕೊರೆಯುವ ಪ್ರತಿ ಸುತ್ತಿಗೂ ಗೆರೆಗಳ ದಿಕ್ಕು ಬದಲಿಸಿ. ಸುತ್ತುಗಳ ಸಂಖ್ಯೆಯನ್ನು ಚೂರು ತಗಡಿನ ಮೇಲೆ ಪರೀಕ್ಷಿಸಿಯೇ ಗೊತ್ತುಮಾಡಬೇಕು. ಆಮೇಲೆ ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಬೆರಳಿನ ಜಿಡ್ಡು ಉಳಿದರೂ ಬಣ್ಣ ಸಿಪ್ಪೆ ಏಳುತ್ತದೆ.

ಎರಡು ಭಾಗದ ಎಪಾಕ್ಸಿ ಬಣ್ಣವನ್ನು ಹಳೆಯ ಪ್ಲಾಸ್ಟಿಕ್ ಕಾರ್ಡ್‌ನಿಂದ ಒತ್ತಿ ತುಂಬಿ. ಹಸಿಯಿರುವಾಗ ತಿನ್ನರ್‌ನಲ್ಲಿ ಒರೆಸುವ ಚಪಲ ಬೇಡ, ಗುಳಿಯೊಳಗಿನದೂ ಬಂದುಬಿಡುತ್ತದೆ. 24 ಗಂಟೆ ಬಿಟ್ಟು, 600 ಗ್ರಿಟ್ ಉಜ್ಜುಕಾಗದವನ್ನು ಮರದ ತುಂಡಿಗೆ ಸುತ್ತಿ, ನೀರು ಹಾಕಿ ಒಂದೇ ದಿಕ್ಕಿಗೆ ಉಜ್ಜಿ, ಮೇಲ್ಮೈಯಲ್ಲಿ ಉಳಿದ ಬಣ್ಣ ತೆಗೆಯಿರಿ.

ಅಲ್ಯೂಮಿನಿಯಂ ಧೂಳು ಹೊತ್ತಿಕೊಳ್ಳುವಂಥದ್ದು, ಹೊಗೆ ಎಳೆಯುವ ಯಂತ್ರದ ಫಿಲ್ಟರಿನಲ್ಲಿ ಶೇಖರವಾಗಲು ಬಿಡಬೇಡಿ. ಫೈಬರ್ ಲೇಸರ್‌ನ 1064 ನ್ಯಾನೊಮೀಟರ್ ಕಿರಣಕ್ಕೆಂದೇ ಮಾಡಿದ ಕನ್ನಡಕ ಕಡ್ಡಾಯ.